‘ಅವರು’ ಎಂಬ ಮಾತಿನ ಹಿಂದೆ: ಕಾಸರಗೋಡಿನ ಒಂದು ಪ್ರಕರಣ

ಮೊದಲ ಎರಡು ಭೇಟಿಯಲ್ಲಿ ಆಕೆ ತನ್ನ ಪ್ರೀತಿಯ ಜೀವದ ಬಗ್ಗೆ ಮಾತಾಡಿದ್ದೆಲ್ಲ ‘ಅವರು’ ಎಂದೇ. “ಅವರಿಗೆ ನೈಟ್ ಡ್ಯೂಟಿ ಇತ್ತು.” “ಅವರು ಫೋನ್ ಮಾಡಲಿಲ್ಲ.” “ಅವರಿಗೆ ನನ್ನ ಮೇಲೆ ಬೇಜಾರು.” ನಾನು ಬರೆದುಕೊಳ್ಳುತ್ತಾ ಹೋದೆ. ಎರಡನೇ ಭೇಟಿಯ ಕೊನೆಗೆ ಕೇಳಿದೆ: “ಹುಡುಗ ಎಲ್ಲಿಯವರು?”

ಆಕೆ ಕೈಯಲ್ಲಿದ್ದ ಬಸ್ ಟಿಕೆಟನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. “ಚಂದ್ರಗಿರಿ ಹೊಳೆಯ ಆಚೆ” ಎಂದಳು. ಮುಂದಿನ ಎರಡು ವಾರ ಬರಲಿಲ್ಲ.

ಆ ಪ್ರಶ್ನೆ ನನ್ನ ತಪ್ಪು. ಪ್ರೀತಿ ಎಂದ ಕೂಡಲೇ ಎದುರಿಗೆ ಗಂಡೇ ಇರಬೇಕು ಎಂದುಕೊಂಡೆ. ‘ಜೊತೆಗಿರುವವರು ಯಾರು’ ಎಂದು ಕೇಳಿದ್ದರೆ ಸಾಕಿತ್ತು. ಎರಡು ವಾರ ಆಕೆ ಒಬ್ಬಳೇ ಇರಬೇಕಾಯಿತು, ಅದೂ ಆಕೆಯ ಸ್ಥಿತಿ ತೀರಾ ಕೆಟ್ಟಿದ್ದ ಸಮಯದಲ್ಲಿ. ಈ ಪ್ರಕರಣವನ್ನು ಬರೆಯಲು ಇದೂ ಒಂದು ಕಾರಣ. ಕೇರಳ-ಕರ್ನಾಟಕ ಗಡಿಯ ಈಚೆ ಆಚೆ ಕೆಲಸ ಮಾಡುವ ಕೌನ್ಸೆಲರ್‌ಗಳು, ಡಾಕ್ಟರ್‌ಗಳು, ಟೀಚರ್‌ಗಳು ಇದನ್ನು ಓದಬೇಕು ಎಂದು ನನ್ನ ಆಸೆ.

ನಾನು ಕುಂಬಳೆ ಕಡೆಯವಳು, ಕೌನ್ಸೆಲರ್ ಕೆಲಸ ಮಂಗಳೂರಿನಲ್ಲಿ. ಇಲ್ಲಿ ಬರುವ ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಬೇರೆ ಕೆಲವು ಮಹಿಳೆಯರ ಅನುಭವವೂ ಇದರಲ್ಲಿ ಸೇರಿದೆ. ಹೆಸರು ಬೇಡ, ‘ಆಕೆ’ ಎಂದೇ ಬರೆಯುತ್ತೇನೆ.

ಬಂದ ದೂರು

2024ರ ಜನವರಿ. ಆಕೆಗೆ 29 ವರ್ಷ. ಮಂಜೇಶ್ವರ ತಾಲೂಕಿನ ಒಳಭಾಗದ ಅಡಿಕೆ ತೋಟದ ಮನೆ. ಮನೆಯಲ್ಲಿ ತುಳು, ಓದಿದ್ದು ಕನ್ನಡ ಮೀಡಿಯಂ, ಕೆಲಸ ಕಾಸರಗೋಡಿನ ಒಂದು ಬ್ಯಾಂಕಿನಲ್ಲಿ, ಅಲ್ಲಿ ಮಲಯಾಳ. ಅಪ್ಪ ತೀರಿಕೊಂಡು ಮೂರು ವರ್ಷ. ಅಮ್ಮ, ಅಣ್ಣ, ಅತ್ತಿಗೆ, ಅವರ ಸಣ್ಣ ಮಗು.

ಹತ್ತು ತಿಂಗಳಿಂದ ನಿದ್ದೆ ಸರಿ ಇಲ್ಲ. ರಾತ್ರಿ ಮೂರಕ್ಕೆ ಎಚ್ಚರ, ಮತ್ತೆ ಬೆಳಗಿನವರೆಗೆ ಕಣ್ಣು ಬಿಟ್ಟುಕೊಂಡೇ ಇರುವುದು. ಹೊಟ್ಟೆ ಉರಿ, ಕುತ್ತಿಗೆ ನೋವು, ಆಗಾಗ ಎದೆ ಹಿಡಿದ ಹಾಗೆ. ಇಸಿಜಿ ಸರಿ ಇತ್ತು. ಥೈರಾಯ್ಡ್ ಸರಿ ಇತ್ತು. ಗ್ಯಾಸ್ಟ್ರಿಕ್ ಮಾತ್ರೆ ಮೂರು ತಿಂಗಳು ನುಂಗಿದ್ದಳು. ಬ್ಯಾಂಕಿನಲ್ಲಿ ಎಂದೂ ತಪ್ಪು ಮಾಡದವಳು ಎರಡು ಸಲ ಕ್ಯಾಶ್ ಲೆಕ್ಕದಲ್ಲಿ ತಪ್ಪಿದಳು. ಆ ಹೆದರಿಕೆಗೆ ನನ್ನ ಹತ್ತಿರ ಬಂದದ್ದು.

ಕಾಸರಗೋಡಿನಲ್ಲೇ ತೋರಿಸಬಹುದಿತ್ತಲ್ಲ ಎಂದರೆ, “ಅಲ್ಲಿ ಹೊರಗೆ ಬೆಂಚಿನಲ್ಲಿ ಕೂತಾಗಲೇ ಗೊತ್ತಿದ್ದವರು ಸಿಗ್ತಾರೆ ಮೇಡಂ” ಎಂದಳು. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲಿಂದಲೂ ದೊಡ್ಡ ಕಾಯಿಲೆಗೆ ನಾವು ಮಂಗಳೂರಿಗೇ ಓಡುವವರು. 2020ರ ಮಾರ್ಚಿನಲ್ಲಿ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆ ಓಟ ಎಷ್ಟು ದೊಡ್ಡದು ಎಂದು ಎಲ್ಲರಿಗೂ ಗೊತ್ತಾಯಿತು. ಮನಸ್ಸಿನ ಕಾಯಿಲೆಗೆ ಮಂಗಳೂರಿಗೆ ಬರಲು ಇನ್ನೊಂದು ಕಾರಣ ಇದೆ: ಮುಖ ಪರಿಚಯ ಇಲ್ಲದ ಊರು ಬೇಕು. ಹಾಗೆ ಹುಡುಕಿಕೊಂಡು ಬಂದರೆ ಸಿಕ್ಕಿದ್ದು ಕುಂಬಳೆ ಕಡೆಯ ಕೌನ್ಸೆಲರ್! “ನಿಮ್ಮದು ಎಲ್ಲಿ ಆಯ್ತು ಮೇಡಂ?” ಎಂದು ಆಕೆ ಮೊದಲ ದಿನ ಕೇಳಿದ್ದು ಸುಮ್ನೆ ಮಾತಿಗೆ ಅಲ್ಲ. ನನ್ನ ನೆಂಟರು ಯಾರು, ತನ್ನವರಿಗೆ ಎಲ್ಲಿ ಸಂಬಂಧ ಕೂಡುತ್ತದೆ ಎಂದು ಅಳೆಯುತ್ತಿದ್ದಳು. ಇಲ್ಲಿ ಹೇಳಿದ ಮಾತು ಈ ಕೋಣೆ ದಾಟುವುದಿಲ್ಲ, ಅದು ನನ್ನ ಒಳ್ಳೆಯತನ ಅಲ್ಲ, 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲೇ ನಿಮಗಿರುವ ಹಕ್ಕು ಎಂದು ಬಿಡಿಸಿ ಹೇಳಿದೆ. ನಂಬಲು ಸಮಯ ಹಿಡಿಯಿತು.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 16 ಬಂತು. ಒಟ್ಟು 27ರಲ್ಲಿ 15ರಿಂದ 19 ಎಂದರೆ ಸಾಕಷ್ಟು ತೀವ್ರ. ಒಂಬತ್ತನೇ ಪ್ರಶ್ನೆ ಬದುಕು ಬೇಡ ಅನಿಸುವುದರ ಬಗ್ಗೆ. ಅಲ್ಲಿ ‘ಕೆಲವು ದಿನ’ ಎಂದು ಗುರುತು ಹಾಕಿದ್ದಳು. ಕೇಳಿದೆ, ನೇರವಾಗಿಯೇ. ಸಾಯಬೇಕು ಎಂಬ ಯೋಚನೆ ಇರಲಿಲ್ಲ. “ಮಲಗಿದವಳು ಏಳದಿದ್ರೆ ಯಾರಿಗೂ ಎಂತ ಹೇಳುವ ಕೆಲಸ ಇಲ್ಲ ಅಲ್ವಾ ಅಂತ ಅನಿಸ್ತದೆ.” ಅಂದೇ ಇಬ್ಬರೂ ಕೂತು ಒಂದು ಯೋಜನೆ ಮಾಡಿದೆವು. ಹಾಗೆ ಅನಿಸಿದ ರಾತ್ರಿ ಮೊದಲು ಎಂತ ಮಾಡುವುದು, ಯಾರಿಗೆ ಫೋನ್ ಮಾಡುವುದು, ಅಪಾಯದ ವಸ್ತುಗಳು ಕೈಗೆ ಸಿಗದ ಹಾಗೆ ಹೇಗೆ ನೋಡಿಕೊಳ್ಳುವುದು. ಟೆಲಿ-ಮಾನಸ್‌ನ 14416, ಕೇರಳದ ದಿಶಾದ 1056, ಈ ಎರಡು ಸಹಾಯವಾಣಿ ನಂಬರ್ ಬರೆದುಕೊಟ್ಟೆ. ಚೀಟಿ ತೆಗೆದುಕೊಳ್ಳಲಿಲ್ಲ. ಅಲ್ಲೇ ಬಾಯಿಪಾಠ ಮಾಡಿದಳು. ಔಷಧಿಗಾಗಿ ಒಬ್ಬ ಸೈಕಿಯಾಟ್ರಿಸ್ಟ್ ಹತ್ತಿರವೂ ಕಳಿಸಿದೆ.

ಮೂರನೇ ಭೇಟಿ

ಎರಡು ವಾರ ಬಿಟ್ಟು ಬಂದವಳು ಕೂರುವ ಮೊದಲೇ ಹೇಳಿದಳು: “ಹುಡುಗ ಅಲ್ಲ ಮೇಡಂ. ಅವರು ಅಂದ್ರೆ ಹುಡುಗಿ.”

ಕ್ಷಮೆ ಕೇಳಿದೆ. ಆಮೇಲೆ ಆಕೆ ಒಂದು ಗಂಟೆ ಬಿಡದೆ ಮಾತಾಡಿದಳು. ಅದರಲ್ಲಿ ಒಂದು ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. “ಬ್ಯಾಂಕಿನಲ್ಲಿ ಮಲಯಾಳದಲ್ಲಿ ‘ಒರಾಳ್ ಉಂಡ್’ ಅಂದ್ರೆ ಸಾಕು. ಒಬ್ಬರು ಇದ್ದಾರೆ ಅಂತ ಆಗ್ತದೆ, ಗಂಡಾ ಹೆಣ್ಣಾ ಗೊತ್ತಾಗುದಿಲ್ಲ. ತುಳುವಿನಲ್ಲಿ ‘ಆರ್’ ಉಂಟು. ಕನ್ನಡದಲ್ಲಿ ‘ಅವರು’ ಉಂಟು. ಮೂರು ಭಾಷೆಯಲ್ಲೂ ಅಡಗಿಕೊಳ್ಳಲಿಕ್ಕೆ ಕಲ್ತಿದ್ದೇನೆ. ಸಿಕ್ಕಿಬೀಳುದು ಫೋನಿನಲ್ಲಿ ಮಾತ್ರ. ಅವಳ ಸ್ವರ ಹೊರಗೆ ಕೇಳ್ತದೆ.”

ಸಪ್ತಭಾಷೆಗಳ ಸಂಗಮಭೂಮಿ ಎಂದು ನಮ್ಮ ಜಿಲ್ಲೆಯ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಭಾಷೆಗಳನ್ನು ಒಬ್ಬಳು ಹುಡುಗಿ ಹೀಗೆ ಬಳಸಬೇಕಾಗಿ ಬಂದದ್ದನ್ನು ಕೇಳಿ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು.

ಗೆಳತಿ ಮಂಗಳೂರಿನಲ್ಲಿ ಸ್ಟಾಫ್ ನರ್ಸ್. ಇಬ್ಬರ ಪರಿಚಯ ನಾಲ್ಕು ವರ್ಷದ್ದು, ಮಾತು ಮಲಯಾಳದಲ್ಲಿ. ಬೆಳಗ್ಗೆ ಒಂದು ಮೆಸೇಜ್, ರಾತ್ರಿ ಡ್ಯೂಟಿ ಇಲ್ಲದಿದ್ದರೆ ಹತ್ತು ನಿಮಿಷ ಮಾತು, ತಿಂಗಳಿಗೆ ಎರಡು ಶನಿವಾರ ಭೇಟಿ. ಇಷ್ಟೇ. ಇಷ್ಟಕ್ಕಾಗಿ ಆಕೆ ಹೊರುತ್ತಿದ್ದ ಭಾರ ಎಷ್ಟು ಎಂದು ನೋಡಿ. ಗೆಳತಿಯ ನಂಬರ್ ಫೋನಿನಲ್ಲಿ ಒಬ್ಬ ಗ್ರಾಹಕರ ಹೆಸರಿನಲ್ಲಿದೆ. ಫೋನ್ ಯಾವಾಗಲೂ ಕವುಚಿಯೇ ಇಡಬೇಕು. ಸ್ನಾನಕ್ಕೆ ಹೋಗುವಾಗಲೂ ಸೈಲೆಂಟ್. ಗೆಳತಿ ಕೊಟ್ಟ ಚೂಡಿದಾರಕ್ಕೆ ಒಂದು ಸುಳ್ಳು ಬಿಲ್ಲಿನ ಕಥೆ. ಯಾವ ಶನಿವಾರ ಯಾವ ಟ್ರೈನಿಂಗ್ ಎಂದು ಹೇಳಿದ್ದೆ ಎಂಬ ನೆನಪು. ಬಸ್ಸಿನಲ್ಲಿ ಇಬ್ಬರೂ ಸಿಕ್ಕರೆ ಬೇರೆ ಬೇರೆ ಸೀಟು. “ತಲಪಾಡಿ ದಾಟಿದ ಮೇಲೆ ನನ್ನ ಬೆನ್ನು ಸೀಟಿಗೆ ಒರಗ್ತದೆ. ಅಲ್ಲಿವರೆಗೆ ನಾನು ಒರಗಿ ಕೂರುದೇ ಇಲ್ಲ ಅಂತ ನನಗೇ ಗೊತ್ತಿರಲಿಲ್ಲ.” ಕುತ್ತಿಗೆ ನೋವಿನ ಬಗ್ಗೆ ಮಾತಾಡುತ್ತಿದ್ದಾಗ ಆಕೆ ಇದನ್ನು ಹೇಳಿದ್ದು.

ಯಾರೂ ಏನೂ ಅಂದಿಲ್ಲ

“ನನಗೆ ಯಾರೂ ಹೊಡೀಲಿಲ್ಲ, ಬೈಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತೇ ಇಲ್ಲ. ಮತ್ತೆ ನನಗೆ ಎಂತಕ್ಕೆ ಹೀಗೆ ಆಗುದು?” ಆಕೆಗೆ ಕಾಡುತ್ತಿದ್ದ ಪ್ರಶ್ನೆ ಇದು. ಕಷ್ಟವೇ ಇಲ್ಲದೆ ಕಷ್ಟಪಡುವ ಹುಚ್ಚಿ ನಾನು ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು.

ಈ ಪ್ರಶ್ನೆಗೆ ಉತ್ತರ ಇದೆ. ‘ಮೈನಾರಿಟಿ ಸ್ಟ್ರೆಸ್’, ಅಂದರೆ ಅಲ್ಪಸಂಖ್ಯಾತರ ಒತ್ತಡ ಎಂಬ ವಿಚಾರವನ್ನು 1981ರಲ್ಲೇ ವರ್ಜೀನಿಯಾ ಬ್ರೂಕ್ಸ್ ಲೆಸ್ಬಿಯನ್ ಮಹಿಳೆಯರನ್ನು ಮುಂದಿಟ್ಟುಕೊಂಡು ಬರೆದರು. 1995ರಲ್ಲಿ ಇಲಾನ್ ಮೇಯರ್ ನ್ಯೂಯಾರ್ಕಿನ 741 ಗೇ ಗಂಡಸರ ಅಧ್ಯಯನ ಮಾಡಿದರು. 2003ರಲ್ಲಿ ಅವರು ಅದಕ್ಕೆ ಒಂದು ಚೌಕಟ್ಟು ಕೊಟ್ಟರು. ಇಂದು ನಾವು ಬಳಸುವುದು ಆ ಚೌಕಟ್ಟನ್ನೇ. ಒತ್ತಡ ಹೊರಗಿನಿಂದ ಬರುತ್ತದೆ: ಬೈಗುಳ, ಹೊಡೆತ, ಕೆಲಸ ಹೋಗುವುದು, ಕಾನೂನು. ಒಳಗಿನಿಂದಲೂ ಬರುತ್ತದೆ: ನಾಳೆ ಏನಾದೀತೋ ಎಂದು ಕಾಯುತ್ತಾ ಇರುವುದು, ಮುಚ್ಚಿಡುವುದು, ಊರು ತನ್ನ ಬಗ್ಗೆ ಏನನ್ನುತ್ತದೋ ಅದನ್ನೇ ತಾನೂ ನಂಬಿಬಿಡುವುದು. ಹೊರಗಿನದ್ದು ಒಂದೂ ನಡೆಯದಿದ್ದರೂ ಒಳಗಿನ ಮೂರು ದಿನಾ ನಡೆಯುತ್ತಿರುತ್ತವೆ. ರಾತ್ರಿ ಮೂರಕ್ಕೆ ಎದ್ದು ಕೂತ ದೇಹ ಕಾವಲು ಕಾಯುತ್ತಿದೆ. ಕಾಯುವ ಕೆಲಸಕ್ಕೆ ರಜೆ ಇಲ್ಲ.

ನಿದ್ದೆ ಪೂರ್ತಿ ಹೋದದ್ದು ಯಾವ ದಿನದಿಂದ ಎಂದು ಹಿಂದಕ್ಕೆ ಹೋಗಿ ಹುಡುಕಿದೆವು. ಒಂದು ತಾರೀಕು ಸಿಕ್ಕಿತು. 2023ರ ಅಕ್ಟೋಬರ್ 17. ಸಲಿಂಗ ಜೋಡಿಗಳಿಗೆ ಮದುವೆಯ ಹಕ್ಕು ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ ದಿನ. ಬ್ಯಾಂಕಿನಲ್ಲಿ ಊಟದ ಹೊತ್ತು. ಒಬ್ಬರು ಫೋನಿನಲ್ಲಿ ಸುದ್ದಿ ಓದಿ ಹೇಳಿದರು. ಇನ್ನೊಬ್ಬರು ಏನೋ ಕೊಳಕು ಮಾತು ಸೇರಿಸಿದರು. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. “ನಾನೂ ನಗಾಡಿದೆ ಮೇಡಂ” ಎಂದು ಹೇಳುವಾಗ ಆಕೆಯ ಗಂಟಲು ಕಟ್ಟಿತು. “ಎಲ್ಲರಿಗಿಂತ ಜೋರಾಗಿ.”

ಆ ನಗು ಆಕೆಯನ್ನು ತಿಂದಷ್ಟು ತೀರ್ಪು ತಿನ್ನಲಿಲ್ಲ. ತನ್ನ ಗೆಳತಿಯ ಮೇಲೆ ತಾನೇ ಉಗುಳಿದ ಹಾಗಾಯಿತು ಎಂದುಕೊಂಡಿದ್ದಳು. ಮೂರು ಭೇಟಿ ಈ ಒಂದು ನಗುವಿನ ಸುತ್ತಲೇ ನಡೆದವು. ಅಂದು ಆ ಮೇಜಿನಲ್ಲಿ ನಗದೆ ಕೂತಿದ್ದರೆ ಏನಾಗುತ್ತಿತ್ತು ಎಂದು ಆಕೆಗೆ ಗೊತ್ತಿತ್ತು. ಎಲ್ಲರ ಕಣ್ಣು ಆಕೆಯ ಕಡೆ ತಿರುಗುತ್ತಿತ್ತು. ನಕ್ಕದ್ದು ಹೆದರಿಕೆಗೆ, ದ್ರೋಹಕ್ಕಲ್ಲ ಎಂದು ಒಪ್ಪಿಕೊಳ್ಳಲು ಆಕೆಗೆ ಮಾರ್ಚ್ ತಿಂಗಳು ಬರಬೇಕಾಯಿತು.

ಅಪ್ಪನ ಜೊತೆ ಹೋದ ಮೆರವಣಿಗೆ

‘ಅಲ್ಪಸಂಖ್ಯಾತರ ಒತ್ತಡ’ ಎಂಬ ಪದ ನನ್ನ ಬಾಯಿಂದ ಬಂದ ಕೂಡಲೇ ಆಕೆ ತಲೆ ಎತ್ತಿ ಹೇಳಿದ್ದಳು: “ಅದು ನಮಗೆ ಗೊತ್ತುಂಟಲ್ಲ ಮೇಡಂ.” ನಿಜ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರಿಗೆ ಆ ಪದ ದಿನಬಳಕೆಯದ್ದು. ಆಫೀಸಿನಲ್ಲಿ ಅರ್ಜಿ ಕನ್ನಡದಲ್ಲಿ ಸಿಗದಿದ್ದಾಗ, ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದಾಗ ನಾವು ಅದನ್ನೇ ಹೇಳುವವರು. 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡುವ ಕಾನೂನು ಬಂದಾಗ ಕನ್ನಡಿಗರು ಬೀದಿಗಿಳಿದಿದ್ದರು. ಆಕೆಯೂ ಅಪ್ಪನ ಜೊತೆ ಹೋಗಿದ್ದಳು. ಅಪ್ಪನ ಕೈಯಲ್ಲಿ ಬೋರ್ಡು, ಆಕೆಯ ಕೈಯಲ್ಲಿ ನೀರಿನ ಬಾಟಲಿ. ಅಪ್ಪನ ಬಗ್ಗೆ ಆಕೆಗಿರುವ ಒಳ್ಳೆಯ ನೆನಪುಗಳಲ್ಲಿ ಅದು ಒಂದು.

“ಅದಕ್ಕೆ ಅಪ್ಪನ ಜೊತೆ ಹೋದೆ. ಇದಕ್ಕೆ ಅಪ್ಪ ಇದ್ದಿದ್ರೂ ಜೊತೆಗೆ ಬರ್ತಿದ್ರಾ?”

ಈ ಪ್ರಕರಣದಲ್ಲಿ ನಾನು ಕಲಿತದ್ದೆಲ್ಲ ಈ ಮಾತಿನಲ್ಲಿದೆ. ಭಾಷೆಯ ಅಲ್ಪಸಂಖ್ಯಾತಳಾಗಿ ಆಕೆ ಒಬ್ಬಳೇ ಇರಲಿಲ್ಲ. ಹೊರಗೆ ಯಾರೋ ಹೀಯಾಳಿಸಿದರೆ ಮನೆಗೆ ಬಂದು ಹೇಳಬಹುದಿತ್ತು. ಅಪ್ಪನೂ ಅದನ್ನು ಉಂಡವರು, ಅಜ್ಜನೂ ಉಂಡವರು. ಹೇಗೆ ತಲೆ ಎತ್ತಿ ನಡೆಯಬೇಕು ಎಂದು ಹೇಳಿಕೊಡಲು ಮನೆ ಇತ್ತು, ಶಾಲೆ ಇತ್ತು, ಯಕ್ಷಗಾನ ಇತ್ತು, ಕಯ್ಯಾರ ಕಿಞ್ಞಣ್ಣ ರೈಗಳಂಥ ಹಿರಿಯರ ಹೆಸರಿತ್ತು. ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ ಇದು ಯಾವುದೂ ಇಲ್ಲ. ಆಕೆಯ ಅಮ್ಮ ಹಾಗಲ್ಲ, ಅಕ್ಕತಂಗಿಯರು ಹಾಗಲ್ಲ. ಹೊರಗೆ ಏಟು ತಿಂದವಳು ಓಡಿ ಬರುವ ಮನೆಯಲ್ಲೇ ಆಕೆ ಅತಿ ಜಾಸ್ತಿ ಎಚ್ಚರವಾಗಿರಬೇಕು. ಕಾಸರಗೋಡಿನ ಕನ್ನಡಿಗರಿಗೆ ಒಬ್ಬರೇ ಆಗುವುದು ಎಂದರೆ ಏನೆಂದು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು ಎಂದು ನನಗೆ ಅನಿಸುತ್ತದೆ. ಆಗದೇ ಇರುವುದು ನನಗೆ ನೋವಿನ ವಿಷಯ.

ಪದವೂ ಇಲ್ಲ. ನಮ್ಮ ಪತ್ರಿಕೆಗಳಲ್ಲಿ ಬರುವುದು ‘ಸಲಿಂಗಕಾಮಿ’. ಅದರಲ್ಲಿ ಲಿಂಗ ಇದೆ, ಕಾಮ ಇದೆ, ನೈಟ್ ಡ್ಯೂಟಿ ಮುಗಿಸಿ ಬಂದವಳಿಗೆ ಕಾಯುವುದು ಇಲ್ಲ. ಮಲಯಾಳದಲ್ಲಿ ‘ಸ್ವವರ್ಗಾನುರಾಗಿ’ ಎನ್ನುತ್ತಾರೆ, ಅನುರಾಗ ಇರುವ ಪದ. ಆಕೆ ತನ್ನ ಬಗ್ಗೆ ಮೊದಲ ಸಲ ಒಂದು ಪದ ಹೇಳಿಕೊಂಡದ್ದು ಮಲಯಾಳದಲ್ಲಿ, ಗೆಳತಿಯ ಬಾಯಿಂದ ಕಲಿತು. “ಕನ್ನಡದಲ್ಲಿ ಹೇಳಿದ್ರೆ ನನಗೇ ಅಸಹ್ಯ ಆಗ್ತದೆ” ಎಂದಿದ್ದಳು. ನನ್ನ ತಾಯ್ನುಡಿಯ ಬಗ್ಗೆ ಈ ಮಾತು ಕೇಳಬೇಕಾಯಿತಲ್ಲ ಎಂದು ಬೇಸರವಾಯಿತು. ‘ಸಲಿಂಗ ಪ್ರೇಮಿ’ ಎಂದು ಬರೆಯಲು ಯಾವ ಖರ್ಚೂ ಇಲ್ಲ.

ನಾಗನಿಗೆ ಪೂಜೆ

24ರಿಂದ ಗಂಡು ನೋಡುತ್ತಿದ್ದರು. ಪ್ರತಿ ಸಂಬಂಧಕ್ಕೂ ಆಕೆ ಒಂದು ಕೊರತೆ ಹುಡುಕುತ್ತಿದ್ದಳು. ದೂರ ಆಯಿತು, ಓದು ಕಮ್ಮಿ ಆಯಿತು, ಗುಣ ಸರಿ ಇಲ್ಲ. ಅಪ್ಪ ಹೋದ ಮೇಲೆ ಅಮ್ಮನಿಗೆ ಹೆದರಿಕೆ ಹೆಚ್ಚಾಯಿತು. ಯಾವ ಮದುವೆ ಮನೆಗೆ ಹೋದರೂ ಒಂದೇ ಪ್ರಶ್ನೆ: “ಮದಿಮೆ ಏಪ?”, ಮದುವೆ ಯಾವಾಗ? ಕಡೆಗೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ನಾಗದೋಷ ಎಂದು ಬಂತು. ಅಡಿಕೆ ಮಾರಿದ ದುಡ್ಡಿನಲ್ಲಿ ಆಶ್ಲೇಷ ಬಲಿ ಮಾಡಿಸಿದರು. ಅಮ್ಮ ಆ ದಿನ ಪೂರ್ತಿ ಉಪವಾಸ ಇದ್ದರು.

ಆಕೆ ದೇವರನ್ನು ನಂಬುವವಳು. ಮಧೂರಿನ ಗಣಪತಿಗೆ ಇಂದಿಗೂ ಹೋಗುತ್ತಾಳೆ. ಪೂಜೆಯ ಹೊಗೆಯಲ್ಲಿ ಅಮ್ಮನ ಪಕ್ಕ ಕೈ ಮುಗಿದು ನಿಂತಾಗ, ದೋಷ ನಾಗನದ್ದಲ್ಲ ನನ್ನದು, ಅಮ್ಮನ ಹೊಟ್ಟೆ ಉಪವಾಸ ಕೂರಿಸಿದ್ದು ನಾನು ಎಂದು ಅನಿಸಿತಂತೆ. ಹೊರಗಿನವರ ಬೈಗುಳವನ್ನು ಒಬ್ಬಳು ಒಳಗೇ ನೆಟ್ಟುಕೊಳ್ಳುವುದು ಹೀಗೆ. ಬೈದವರೇ ಇಲ್ಲ. ಅಮ್ಮನ ಪ್ರೀತಿಯೇ ಸಾಕಾಯಿತು.

‘ನಿನಗೆ ಬೇರೆ ದಾರಿ ಉಂಟಲ್ಲ’

ಕಾಲೇಜಿನಲ್ಲಿ ಆಕೆಗೆ ಒಬ್ಬ ಹುಡುಗನ ಮೇಲೆ ಪ್ರೀತಿ ಇತ್ತು. ಸುಮ್ನೆ ತೋರಿಕೆಯದ್ದಲ್ಲ, ನಿಜವಾದದ್ದು. ಬೈಸೆಕ್ಷುವಲ್ ಎಂಬುದಕ್ಕೆ ಕನ್ನಡದಲ್ಲಿ ಬಾಯಿಗೆ ಸಲೀಸಾದ ಪದ ಇಲ್ಲ. ‘ದ್ವಿಲಿಂಗಿ’ ಎಂದರೆ ದೇಹದ ಬಗ್ಗೆ ಹೇಳಿದ ಹಾಗಾಗುತ್ತದೆ. ಗಂಡಿನ ಮೇಲೂ ಹೆಣ್ಣಿನ ಮೇಲೂ ಮನಸ್ಸಾಗಬಲ್ಲವರು ಎಂದು ಉದ್ದಕ್ಕೆ ಹೇಳಬೇಕು.

ಇಂಥವರಿಗೆ ಕಷ್ಟ ಕಮ್ಮಿ ಇರಬೇಕು ಎಂದು ಜನ ಅಂದುಕೊಳ್ಳುತ್ತಾರೆ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಬೇರೆಯೇ. ಬೈಸೆಕ್ಷುವಲ್ ಮಹಿಳೆಯರಲ್ಲಿ ಖಿನ್ನತೆ, ಆತಂಕ ಲೆಸ್ಬಿಯನ್ ಮಹಿಳೆಯರಿಗಿಂತಲೂ ಜಾಸ್ತಿ. ಕಾರಣ ಈ ಪ್ರಕರಣದಲ್ಲೇ ಕಾಣುತ್ತದೆ. ಎರಡೂ ಕಡೆಯಿಂದ ಒಂದೇ ಮಾತು ಬರುತ್ತದೆ. ನನಗಿಂತ ಮೊದಲು ಆಕೆ ಕಂಡಿದ್ದ ಒಬ್ಬ ಡಾಕ್ಟರ್, “ಹುಡುಗನ ಮೇಲೂ ಮನಸ್ಸಾಗ್ತದೆ ಅಲ್ವಾ, ಹಾಗಾದ್ರೆ ಮದುವೆಯಾಗಿ, ಎಲ್ಲ ಸರಿ ಹೋಗ್ತದೆ” ಎಂದಿದ್ದರು. ಗೆಳತಿ ಲೆಸ್ಬಿಯನ್. ಜಗಳವಾದಾಗೆಲ್ಲ ಅವಳೂ ಅದನ್ನೇ ಹೇಳುತ್ತಿದ್ದಳು: “ನಿನಗೆ ಬೇರೆ ದಾರಿ ಉಂಟಲ್ಲ. ನೀನು ಒಂದು ದಿನ ಹೋಗ್ತೀಯ.” ಒಬ್ಬರು ಅದನ್ನು ಔಷಧಿ ಎಂದರು, ಇನ್ನೊಬ್ಬಳು ದ್ರೋಹ ಎಂದಳು. ಆಕೆಯ ನಾಲ್ಕು ವರ್ಷದ ನಿಷ್ಠೆ ಯಾರ ಲೆಕ್ಕಕ್ಕೂ ಬರಲಿಲ್ಲ.

ಗೆಳತಿಯನ್ನು ಒಮ್ಮೆ ಕರೆತರಲು ಹೇಳಿದೆ. ಅಂದಿನ ಮಾತೆಲ್ಲ ಮಲಯಾಳದಲ್ಲಿ. ಗೆಳತಿಯ ಹೆದರಿಕೆಗೂ ಹಿನ್ನೆಲೆ ಇತ್ತು. ಅವಳ ಮೊದಲ ಸಂಗಾತಿ ಮನೆಯವರ ಒತ್ತಾಯಕ್ಕೆ ಮದುವೆಯಾಗಿ ಗಲ್ಫಿಗೆ ಹೋಗಿದ್ದಳು. ಇಬ್ಬರೂ ಒಬ್ಬರ ಮಾತನ್ನು ಒಬ್ಬರು ಪೂರ್ತಿ ಕೇಳಿದ್ದು ಅದೇ ಮೊದಲು. ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಆ ಮಾತು ಜಗಳದಲ್ಲಿ ಈಗ ಕಮ್ಮಿ ಬರುತ್ತದೆ, ಅಷ್ಟೆ.

ಮದುವೆ ಮಾಡಿಸಿ ಸರಿ ಮಾಡುವುದು, ಮನಸ್ಸು ತಿರುಗಿಸುವ ಕೌನ್ಸೆಲಿಂಗ್, ಇವುಗಳ ಬಗ್ಗೆ ಸ್ಪಷ್ಟವಾಗಿ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆ ಅಲ್ಲ ಎಂದಿದೆ. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ನಿನ ಹಿಡಿತದಿಂದ ಪ್ರಾಯಕ್ಕೆ ಬಂದವರ ಪ್ರೀತಿಯನ್ನು ಬಿಡಿಸಿತು. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ 2021ರಲ್ಲಿ ಕೊಟ್ಟ ಆದೇಶದ ಬೆನ್ನಿಗೆ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ‘ಬದಲಾಯಿಸುವ ಚಿಕಿತ್ಸೆ’ಯನ್ನು ವೃತ್ತಿ ದುರ್ನಡತೆ ಎಂದು ಹೇಳಿತು. ಹಾಗಾಗಿ ಯಾವ ಡಾಕ್ಟರಾದರೂ ಇದನ್ನು ಮಾಡಿದರೆ ದೂರು ಕೊಡಬಹುದು. ಆಕೆಗೆ ಇದನ್ನು ಹೇಳಿದಾಗ ಸಿಟ್ಟು ಬಂತು. ಒಳ್ಳೆಯದೇ ಆಯಿತು. ಅಲ್ಲಿವರೆಗೆ ಆಕೆಗೆ ಸಿಟ್ಟು ಬರುತ್ತಿದ್ದದ್ದು ತನ್ನ ಮೇಲೆ ಮಾತ್ರ.

ಏನು ಮಾಡಿದೆವು

ಸಿಬಿಟಿ ಎಂದರೆ ಯೋಚನೆ, ನಡವಳಿಕೆಯ ಅಭ್ಯಾಸಗಳನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ. ಅದನ್ನು ಈ ಒತ್ತಡಕ್ಕೆ ತಕ್ಕ ಹಾಗೆ ಹೊಂದಿಸಿ ಬಳಸುವ ದಾರಿಯನ್ನು ಯೇಲ್ ವಿಶ್ವವಿದ್ಯಾಲಯದ ಜಾನ್ ಪಚಾಂಕಿಸ್ ಮತ್ತು ಜೊತೆಗಾರರು ಬೆಳೆಸಿದ್ದಾರೆ. ಅದರ ಮುಖ್ಯ ಮಾತು ಇಷ್ಟು: ತೊಂದರೆ ನಿಮ್ಮಲ್ಲಿಲ್ಲ, ಸುತ್ತಲಿನ ಒತ್ತಡದಲ್ಲಿದೆ. ಅದಕ್ಕೆ ನಿಮ್ಮ ಮನಸ್ಸು ಕಲಿತುಕೊಂಡ ಅಭ್ಯಾಸಗಳನ್ನು ಒಟ್ಟಿಗೆ ನೋಡೋಣ.

ಪುಸ್ತಕದಲ್ಲಿದ್ದ ಹಾಗೆ ಮೊದಲು ಡೈರಿ ಬರೆಯಲು ಹೇಳಿದೆ. ಯಾವಾಗ ಹೆದರಿಕೆ, ಆಗ ಏನು ಯೋಚನೆ. ಆಕೆ ಒಂದು ಸಾಲೂ ಬರೆಯಲಿಲ್ಲ. ಕೇಳಿದರೆ, “ಅಮ್ಮ ಕೋಣೆ ಗುಡಿಸ್ತಾರೆ ಮೇಡಂ” ಎಂದಳು. ಮುಚ್ಚಿಟ್ಟು 29 ವರ್ಷ ಬದುಕಿದವಳಿಗೆ ಸಾಕ್ಷಿ ಬರೆದಿಡು ಎಂದಿದ್ದೆ! ಆಮೇಲೆ ಆಕೆಯೇ ದಾರಿ ಕಂಡುಕೊಂಡಳು. ಗೋಡೆಯ ಕ್ಯಾಲೆಂಡರಿನಲ್ಲಿ ಸೊಸೈಟಿಗೆ ಹಾಕಿದ ಹಾಲಿನ ಲೆಕ್ಕ ಬರೆಯುವುದು ಆಕೆಯ ಕೆಲಸ. ಅದರ ಕೆಳಗೆ ಸೀಸದ ಕಡ್ಡಿಯಲ್ಲಿ ಒಂದು ಸಣ್ಣ ಅಂಕಿ, ಸೊನ್ನೆಯಿಂದ ಹತ್ತು. ಹತ್ತು ಎಂದರೆ ಉಸಿರು ಕಟ್ಟಿದ ದಿನ.

ಎರಡು ತಿಂಗಳ ಕ್ಯಾಲೆಂಡರನ್ನು ನೆನಪಿನಿಂದ ಹೇಳುತ್ತಾ ಹೋದಾಗ ಇಬ್ಬರಿಗೂ ಆಶ್ಚರ್ಯ. ಬ್ಯಾಂಕಿನ ದಿನಗಳಲ್ಲಿ ನಾಲ್ಕು, ಐದು. ಆದಿತ್ಯವಾರ ಎಂಟು, ಒಂಬತ್ತು. ರಜೆಯ ದಿನ ಆಕೆಗೆ ಅತಿ ಭಾರದ ದಿನ. ಆ ದಿನ ಪೂರ್ತಿ ಮನೆಯಲ್ಲಿರಬೇಕು, ನೋಡಲು ಬರುವವರೂ ಆ ದಿನವೇ ಬರುವುದು. ಎಲ್ಲಿ ಕೈ ಹಾಕಬೇಕು ಎಂದು ಅಲ್ಲಿ ಗೊತ್ತಾಯಿತು.

ಮನೆಯಲ್ಲಿ ಹೇಳಿಬಿಡಿ ಎಂದು ನಾನು ಎಂದೂ ಹೇಳಲಿಲ್ಲ. ಬೇರೆ ಊರುಗಳ ಬರಹಗಳಲ್ಲಿ ಹೊರಗೆ ಬಂದು ಹೇಳುವುದೇ ಬಿಡುಗಡೆ ಎಂಬ ಹಾಗೆ ಇರುತ್ತದೆ. ಆಕೆಗೆ ಮನೆ ಬಿಟ್ಟರೆ ಬೇರೆ ನೆಲೆ ಇಲ್ಲ. ಬದಲಿಗೆ ಕೇಳಿದೆ: ಭಾರ ಹೊರಲು ಒಬ್ಬರನ್ನು ಸೇರಿಸುವುದಾದರೆ ಯಾರನ್ನು? ಯಾರ ಬಾಯಿ ಗಟ್ಟಿ? ಯಾರು ಬೇರೆಯವರ ಕಷ್ಟದ ಬಗ್ಗೆ ಹೇಗೆ ಮಾತಾಡುತ್ತಾರೆ? ಒಂದು ತಿಂಗಳು ಇದನ್ನೇ ಗಮನಿಸಿದಳು. ಆರಿಸಿದ್ದು ಅತ್ತಿಗೆಯನ್ನು.

ಅಣ್ಣ ಪೊಲೀಸಿಗೆ ಕೊಟ್ಟರೆ, ಮನೆಯಲ್ಲಿ ಕೂಡಿಹಾಕಿದರೆ ಎಂಬ ಹೆದರಿಕೆಗೂ ಉತ್ತರ ಬೇಕಿತ್ತು. 2022ರ ಮೇ 31ರಂದು ಕೇರಳ ಹೈಕೋರ್ಟ್ ಪ್ರಾಯಕ್ಕೆ ಬಂದ ಇಬ್ಬರು ಯುವತಿಯರಿಗೆ ಒಟ್ಟಿಗೆ ಬದುಕಲು ದಾರಿ ಬಿಟ್ಟಿತ್ತು. ನಮ್ಮ ಭೇಟಿಗಳು ನಡೆಯುತ್ತಿದ್ದಾಗಲೇ, 2024ರ ಮಾರ್ಚ್ 11ರಂದು, ಕೇರಳದಿಂದ ಹೋದ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟುಗಳಿಗೆ ಸೂಚನೆ ಕೊಟ್ಟಿತು. ಯಾರನ್ನೋ ಕೂಡಿಹಾಕಿದ್ದಾರೆ, ಬಿಡಿಸಿ ಎಂದು ಬರುವ ಅರ್ಜಿಗಳಲ್ಲಿ ಆ ವ್ಯಕ್ತಿಯ ಇಚ್ಛೆಯನ್ನು ತಿಳಿಯಬೇಕು, ಮನಸ್ಸು ಬದಲಾಯಿಸಲು ಕೌನ್ಸೆಲಿಂಗಿಗೆ ಕಳಿಸಬಾರದು. ಕೇರಳದಲ್ಲಿ ಲೆಸ್ಬಿಯನ್, ಬೈಸೆಕ್ಷುವಲ್ ಮಹಿಳೆಯರ ಜೊತೆ ಬಹಳ ವರ್ಷಗಳಿಂದ ಇರುವ ‘ಸಹಯಾತ್ರಿಕ’ದ ಬಗ್ಗೆಯೂ ಹೇಳಿದೆ. ಗೆಳತಿಗೆ ಅದು ಮೊದಲೇ ಗೊತ್ತಿತ್ತು. ಅಲ್ಲಿನವರ ಜೊತೆ ಮಾತಾಡಿದ ದಿನ ಆಕೆ ಕ್ಯಾಲೆಂಡರಿನಲ್ಲಿ ಎರಡು ಎಂದು ಬರೆದಿದ್ದಳು.

ಹಲಸಿನ ದಿನ

ಮೇ ತಿಂಗಳು. ಹಪ್ಪಳಕ್ಕೆ ಹಲಸು ಬಿಡಿಸುವ ಕೆಲಸ. ಅಮ್ಮ ಮಗುವನ್ನು ಮಲಗಿಸಲು ಒಳಗೆ ಹೋಗಿದ್ದರು. ಅತ್ತಿಗೆ ನಾದಿನಿ ಇಬ್ಬರೂ ಜಗಲಿಯಲ್ಲಿ, ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಮೇಣ ಒರೆಸುತ್ತಾ, ಸೊಳೆ ಬಿಡಿಸುತ್ತಾ. ನಾವು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ ಮಾತು ಯಾವುದೂ ಬಾಯಿಗೆ ಬರಲಿಲ್ಲವಂತೆ. “ಅತ್ತಿಗೆ, ನನಗೆ ಮದುವೆ ಬೇಡ. ನನಗೆ ಒಬ್ಬಳು ಇದ್ದಾಳೆ” ಎಂದಳಂತೆ. ‘ಇದ್ದಾರೆ’ ಅನ್ನಲಿಲ್ಲ.

ಅತ್ತಿಗೆ ಎಷ್ಟೋ ಹೊತ್ತು ಮಾತಾಡಲಿಲ್ಲ. ಎರಡು ಮೂರು ಸೊಳೆಯ ಬೇಳೆ ತೆಗೆದರು. ಆಮೇಲೆ ಹೇಳಿದರಂತೆ: “ನನಗೆ ಇದೆಲ್ಲ ಅರ್ಥ ಆಗುದಿಲ್ಲ ಮಾರಾಯ್ತಿ. ಆದ್ರೆ ಆದಿತ್ಯವಾರ ಬರುವವರಿಗೆ ಎಂತ ಹೇಳ್ಬೇಕು ಅಂತ ನಾನು ನೋಡಿಕೊಳ್ತೇನೆ.”

ಅತ್ತಿಗೆ ಮಾತು ಉಳಿಸಿಕೊಂಡರು. ಜಾತಕ ಬಂದರೆ ಮೊದಲು ಅವರ ಕೈಗೆ. ಅಲ್ಲೇ ನಿಲ್ಲುವುದೂ ಉಂಟು. ಜೂನ್ ಜುಲೈಯಲ್ಲಿ ಆದಿತ್ಯವಾರದ ಅಂಕಿ ಐದಕ್ಕೆ ಇಳಿಯಿತು. ಈ ಇಳಿಕೆಯಲ್ಲಿ ನನ್ನ ಪಾಲು ಎಷ್ಟು, ಸೈಕಿಯಾಟ್ರಿಸ್ಟ್ ಕೊಟ್ಟ ಮಾತ್ರೆಯ ಪಾಲು ಎಷ್ಟು, ಅತ್ತಿಗೆಯ ಪಾಲು ಎಷ್ಟು ಎಂದು ಕೇಳಿದರೆ ಅತ್ತಿಗೆಗೇ ಜಾಸ್ತಿ ಕೊಡುತ್ತೇನೆ. ಮೇಯರ್ ಅವರ ಚೌಕಟ್ಟಿನಲ್ಲೂ ಒತ್ತಡದ ಎದುರಿಗೆ ನಿಲ್ಲುವುದು ಬೆಂಬಲವೇ. ಒಬ್ಬರಿಂದಲೂ ಅದು ಶುರುವಾಗುತ್ತದೆ.

ಡಿಸೆಂಬರಿನಲ್ಲಿ ಪಿಎಚ್‌ಕ್ಯೂ-9 ಮತ್ತೆ ಮಾಡಿದಾಗ 7 ಬಂತು. ಒಂಬತ್ತನೇ ಪ್ರಶ್ನೆಗೆ ‘ಇಲ್ಲವೇ ಇಲ್ಲ’. ಮೂರು ಗಂಟೆಯ ಎಚ್ಚರ ವಾರಕ್ಕೆ ಒಮ್ಮೆ ಎರಡು ಸಲ ಈಗಲೂ ಇದೆ. ಅಮ್ಮನಿಗೆ ಗೊತ್ತಿಲ್ಲ. ಗೆಳತಿ ವಿದೇಶದ ಕೆಲಸಕ್ಕೆ ಪರೀಕ್ಷೆ ಬರೆಯುತ್ತಿದ್ದಾಳೆ. ಆಕೆ ಜೊತೆಗೆ ಹೋಗುತ್ತಾಳಾ, ಇಲ್ಲೇ ಇರುತ್ತಾಳಾ, ಇನ್ನೂ ತೀರ್ಮಾನ ಆಗಿಲ್ಲ.

ಕೊನೆಯ ಭೇಟಿಗೆ ಬ್ಯಾಂಕಿನ ಒಂದು ಫಾರಂ ತಂದಿದ್ದಳು, ಡಿಎ-1, ನಾಮಿನಿ ಹಾಕುವ ಫಾರಂ. ಮಂಗಳೂರಿನಲ್ಲಿ ಹೊಸ ಖಾತೆ ತೆರೆದಿದ್ದಳು. ಸಲಿಂಗ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ತಡೆ ಇಲ್ಲ ಎಂದು ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಹೇಳಿತ್ತು. ಆ ಸುತ್ತೋಲೆ ಆಕೆಯ ಮೇಜಿಗೂ ಬಂದಿತ್ತು. ಯಾರೂ ನೋಡದಾಗ ಎರಡು ಸಲ ಓದಿದಳಂತೆ. ನಾಮಿನಿ ಎಂದರೆ ವಾರಸುದಾರ ಅಲ್ಲ, ಹಣ ಪಡೆಯಲು ಅಧಿಕಾರ ಇರುವವರು ಅಷ್ಟೆ ಎಂದು ಆಕೆಯೇ ನನಗೆ ವಿವರಿಸಿದಳು. ಪಾಸ್‌ಬುಕ್ಕಿನಲ್ಲಿ ನಾಮಿನಿಯ ಹೆಸರು ಅಚ್ಚಾಗಬೇಕೇ ಬೇಡವೇ ಎಂಬುದು ಆಗ ಖಾತೆದಾರರ ಇಷ್ಟವಾಗಿತ್ತು. ಬೇಡ ಎಂದರೆ ನಾಮಿನೇಷನ್ ಆಗಿದೆ ಎಂದಷ್ಟೇ ಬರುತ್ತಿತ್ತು. ಆಕೆ ‘ಬೇಡ’ಕ್ಕೆ ಗುರುತು ಹಾಕಿದ್ದಳು.

ಒಂದು ಕಾಲಂ ಖಾಲಿ ಇತ್ತು. ‘ಖಾತೆದಾರರಿಗೆ ಸಂಬಂಧ, ಇದ್ದರೆ’. ಇಂಥ ಫಾರಂ ದಿನಾ ತುಂಬಿಸುವವಳು. ಗಂಡ, ಹೆಂಡತಿ, ಮಗ, ಮಗಳು ಎಂದು ಎಷ್ಟು ಜನರಿಗೆ ಬರೆದುಕೊಟ್ಟಿದ್ದಾಳೋ. ನನ್ನ ಪೆನ್ನು ಕೇಳಿ ತೆಗೆದುಕೊಂಡಳು. ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಹಿಡಿದುಕೊಂಡಳು. ಆಮೇಲೆ ಕನ್ನಡದಲ್ಲಿ ಬರೆದಳು: ‘ಸಂಗಾತಿ’.